ಗುಳ್ಳೆಯನ್ನು ಕಟ್ಟಿಹಾಕಿದವರು

ಫ್ರಾನ್ಸಿನ ಎಪರ್ನೇ ಊರಿಗೆ ಹೋದವರು ಮೊದಲು ಫೋಟೊ ತೆಗೆಸಿಕೊಳ್ಳುವುದು ದೋಂ ಪೆರಿನ್ಯೋನ್ ಪ್ರತಿಮೆಯ ಪಕ್ಕದಲ್ಲಿ. ನಿಲುವಂಗಿ ತೊಟ್ಟ ಸನ್ಯಾಸಿ, ಕೈಯಲ್ಲಿ ಬಾಟಲಿ. ಗುಳ್ಳೆ ಏಳುವ ವೈನನ್ನು ಕಂಡುಹಿಡಿದ ಪುಣ್ಯಾತ್ಮ ಇವನೇ ಎಂದು ಹೇಳುವವರು ಈಗಲೂ ಇದ್ದಾರೆ. ಮೊದಲ ಗುಟುಕು ಕುಡಿದವನೇ, ಬನ್ನಿ ಬನ್ನಿ, ನಾನು ನಕ್ಷತ್ರಗಳನ್ನು ಕುಡಿಯುತ್ತಿದ್ದೇನೆ ಎಂದು ಮಠದವರನ್ನೆಲ್ಲ ಕೂಗಿ ಕರೆದನಂತೆ. ಕೇಳಲು ಚೆನ್ನಾಗಿದೆ. ಆದರೆ ಅವನು ಹಾಗೆಂದದ್ದಕ್ಕೆ ದಾಖಲೆ ಇಲ್ಲ. ಆ ಮಾತು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ಜಾಹೀರಾತಿನದು.

ಅವನ ನಿಜವಾದ ಕತೆ ಇನ್ನೂ ಸ್ವಾರಸ್ಯವಾಗಿದೆ. ಪಿಯರ್ ಪೆರಿನ್ಯೋನ್ 1668ರಲ್ಲಿ ಓವಿಲೇ ಮಠಕ್ಕೆ ಬಂದು, 1715ರಲ್ಲಿ ಸಾಯುವವರೆಗೂ ಅಲ್ಲಿನ ಉಗ್ರಾಣ ನೋಡಿಕೊಂಡ. ಬೇರೆ ಬೇರೆ ತೋಟದ ದ್ರಾಕ್ಷಿಯನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು ಎಂಬುದರಲ್ಲಿ ಅವನದು ಎತ್ತಿದ ಕೈ. ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣ ಇಳಿಯದಂತೆ ಮೆಲ್ಲಗೆ ಹಿಂಡಿ ತಿಳಿಯಾದ ಬಿಳಿ ರಸ ತೆಗೆಯುವುದರಲ್ಲೂ ಅಷ್ಟೇ. ಇನ್ನು ಗುಳ್ಳೆಯ ವಿಷಯ: ಅದು ಅವನ ಪಾಲಿಗೆ ತಲೆನೋವು. ಒಳ್ಳೆಯ ವೈನ್ ಕದಲದೆ ನಿಲ್ಲಬೇಕು, ನೊರೆ ಬಂದರೆ ಕೆಟ್ಟಿತು ಎಂಬುದು ಆ ಕಾಲದ ತಿಳಿವಳಿಕೆ. ಗುಳ್ಳೆ ಏಳದಂತೆ ಮಾಡಲು ಹೆಣಗಿದವನನ್ನೇ ಗುಳ್ಳೆಯ ಜನಕನೆಂದು ಪೀಠದ ಮೇಲೆ ನಿಲ್ಲಿಸಿದ್ದಾರೆ. ಈ ಪಟ್ಟ ಕಟ್ಟಿದ್ದು ಕೂಡ ಅದೇ ಮಠದ ಇನ್ನೊಬ್ಬ ಸನ್ಯಾಸಿ. ಫ್ರೆಂಚ್ ಕ್ರಾಂತಿಯಲ್ಲಿ ಮಠ ಮುಚ್ಚಿಹೋದ ಮೇಲೆ, ದೋಂ ಗ್ರೋಸಾರ್ ಎಂಬವನು 1821ರಲ್ಲಿ ಬರೆದ ಒಂದು ಪತ್ರದಲ್ಲಿ ತಮ್ಮ ಹಳೆಯ ಉಗ್ರಾಣಿಯನ್ನು ಬಾಯಿ ತುಂಬ ಹೊಗಳಿದ. ಹೋದ ಮಠದ ಮೇಲಿನ ಅಭಿಮಾನ ಎಂದು ಬಿಟ್ಟುಬಿಡಬಹುದಿತ್ತು. ವ್ಯಾಪಾರಿಗಳು ಬಿಡಲಿಲ್ಲ.

ನಿಜ ಹೇಳಬೇಕೆಂದರೆ ಗುಳ್ಳೆಯನ್ನು ಯಾರೂ ಕಂಡುಹಿಡಿಯಬೇಕಾಗಿರಲಿಲ್ಲ. ಅದು ತಾನಾಗಿಯೇ ಬರುತ್ತಿತ್ತು. ಶಾಂಪೇನ್ ಸೀಮೆ ಇರುವುದು ಭೂಮಧ್ಯರೇಖೆಯಿಂದ 49 ಡಿಗ್ರಿ ಉತ್ತರಕ್ಕೆ, ದ್ರಾಕ್ಷಿ ಬೆಳೆಯಬಲ್ಲ ನಾಡಿನ ಹೆಚ್ಚುಕಡಿಮೆ ಅಂಚಿನಲ್ಲಿ. ಕೊಯ್ಲು ಸೆಪ್ಟೆಂಬರಿನ ಸುಮಾರಿಗೆ. ಹಿಂಡಿದ ರಸ ಪೀಪಾಯಿಗಳಲ್ಲಿ ಹುದುಗುತ್ತಿರುವಾಗಲೇ ಚಳಿ ಬಂದು ಕೂರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬದೆ ಹಾಗೇ ಕೂತಿರುತ್ತದಲ್ಲ, ಅದೇ ಕತೆ. ರಸದಲ್ಲಿ ಸಕ್ಕರೆ ಇನ್ನೂ ಉಳಿದಿದೆ, ಯೀಸ್ಟೂ ಸತ್ತಿಲ್ಲ, ಚಳಿಗೆ ಮುದುಡಿದೆ. ನೋಡಿದವರು ಹುದುಗುವುದು ಮುಗಿಯಿತು ಎಂದುಕೊಳ್ಳುತ್ತಾರೆ. ವಸಂತದಲ್ಲಿ ನೆಲ ಬೆಚ್ಚಗಾದಾಗ ಯೀಸ್ಟ್ ಎದ್ದು ಉಳಿದ ಸಕ್ಕರೆಯನ್ನು ತಿನ್ನಲು ಶುರುಮಾಡುತ್ತದೆ. ಸಕ್ಕರೆ ಆಲ್ಕೊಹಾಲಾಗುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಪೀಪಾಯಿಯಲ್ಲಿದ್ದರೆ ಆ ಗಾಳಿ ಮರದ ಸಂದಿಯಲ್ಲಿ ಸೋರಿಹೋಗುತ್ತದೆ. ಬಿಗಿಯಾಗಿ ಬಿರಡೆ ಜಡಿದ ಬಾಟಲಿಯಲ್ಲಿದ್ದರೆ ಹೋಗಲು ದಾರಿಯಿಲ್ಲದೆ ವೈನಿನೊಳಗೇ ಕರಗಿ ಕೂರುತ್ತದೆ. ತೆಗೆದಾಗ ಗುಳ್ಳೆಯಾಗಿ ಏಳುತ್ತದೆ, ಇಲ್ಲವೇ ತೆಗೆಯುವ ಮೊದಲೇ ಬಾಟಲಿಯನ್ನು ಒಡೆದುಕೊಂಡು ಹೊರಬರುತ್ತದೆ.

ಹಾಗಾಗಿ ಹುಡುಕಬೇಕಿದ್ದುದು ಗುಳ್ಳೆಯನ್ನು ಕಟ್ಟಿಹಾಕುವ ಬಗೆ. ಅದಕ್ಕೆ ಇನ್ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅದರ ಮೊದಲ ಅಧ್ಯಾಯ ನಡೆದದ್ದು ಲಂಡನ್ನಿನಲ್ಲಿ ಎಂದರೆ ಫ್ರೆಂಚರಿಗೆ ಇವತ್ತಿಗೂ ಇರುಸುಮುರುಸು.

1615ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್ ಒಂದು ಆಜ್ಞೆ ಹೊರಡಿಸಿದ. ಹಡಗು ಕಟ್ಟಲು ಮರ ಸಾಲದಾಗುತ್ತಿದೆ, ಗಾಜಿನ ಕುಲುಮೆಗಳಲ್ಲಿ ಇನ್ನು ಸೌದೆ ಉರಿಸಕೂಡದು ಎಂದು. ಗಾಜಿನವರು ಕಲ್ಲಿದ್ದಲಿಗೆ ತಿರುಗಿದರು. ಕಲ್ಲಿದ್ದಲಿನ ಉರಿ ಸೌದೆಯದಕ್ಕಿಂತ ಬಿರುಸು. ಅದರಲ್ಲಿ ಕಾಸಿದ ಗಾಜು ದಪ್ಪ, ಕಪ್ಪು, ಗಟ್ಟಿ. ಸರ್ ಕೆನೆಲ್ಮ್ ಡಿಗ್ಬಿ ಎಂಬ ಸಾಹಸಿ ಇಂಥ ಬಾಟಲಿಗಳನ್ನು ಮಾಡಿಸಿ ಹೆಸರು ಮಾಡಿದ. ಬಾಯಿ ಮುಚ್ಚಲು ಇಂಗ್ಲಿಷರ ಬಳಿ ಕಾರ್ಕ್ ಇತ್ತು. ಫ್ರಾನ್ಸಿನಲ್ಲಿ ಆಗಿನ್ನೂ ಎಣ್ಣೆಯಲ್ಲಿ ನೆನೆಸಿದ ಸೆಣಬು ಸುತ್ತಿದ ಮರದ ಬೆಣೆಯನ್ನೇ ತುರುಕುತ್ತಿದ್ದರು. ಶಾಂಪೇನ್ ಸೀಮೆಯಿಂದ ಪೀಪಾಯಿಯಲ್ಲಿ ಬಂದ ಅರೆಹುದುಗಿನ ವೈನನ್ನು ಲಂಡನ್ನಿನ ವ್ಯಾಪಾರಿಗಳು ಈ ಗಟ್ಟಿ ಬಾಟಲಿಗಳಿಗೆ ತುಂಬಿ ಕಾರ್ಕ್ ಜಡಿದರು. ವಸಂತ ತನ್ನ ಕೆಲಸ ಮಾಡಿತು. ಕೆಟ್ಟುಹೋಯಿತೆಂದು ಫ್ರೆಂಚರು ಹಣೆ ಚಚ್ಚಿಕೊಳ್ಳುತ್ತಿದ್ದ ಆ ನೊರೆಗೆ ಲಂಡನ್ನಿನ ಸಾಹುಕಾರರು ಮರುಳಾದರು.

1662ರ ಡಿಸೆಂಬರ್ 17ರಂದು ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯ ರಾಯಲ್ ಸೊಸೈಟಿಯ ಮುಂದೆ ವೈನ್ ಕುರಿತು ಒಂದು ಪ್ರಬಂಧ ಮಂಡಿಸಿದ. ಅದರಲ್ಲಿ ಅವನು ಹೇಳಿದ್ದು: ನಮ್ಮ ವೈನ್ ವರ್ತಕರು ಈಚೆಗೆ ಎಲ್ಲ ಬಗೆಯ ವೈನಿಗೂ ಧಾರಾಳವಾಗಿ ಸಕ್ಕರೆ, ಕಾಕಂಬಿ ಸುರಿದು ಚುರುಕಾಗಿ ಗುಳ್ಳೆ ಏಳುವಂತೆ ಮಾಡುತ್ತಾರೆ. ಅಷ್ಟೇ. ತಾನೇ ಕಂಡುಹಿಡಿದೆನೆಂದು ಅವನು ಹೇಳಲಿಲ್ಲ. ವರ್ತಕರು ಆಗಲೇ ಮಾಡುತ್ತಿದ್ದುದನ್ನು ಬರೆದಿಟ್ಟ. ಪೆರಿನ್ಯೋನ್ ಮಠದ ಉಗ್ರಾಣದ ಬೀಗದಕೈ ಹಿಡಿಯಲು ಇನ್ನೂ ಆರು ವರ್ಷ ಬಾಕಿಯಿತ್ತು. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಅದೇ 1662ರಲ್ಲಿ ಮೆರೆಟ್ ಗಾಜಿನ ತಯಾರಿಕೆಯ ಬಗ್ಗೆ ಇಟಲಿಯ ಆಂಟೋನಿಯೋ ನೇರಿ ಬರೆದ ಪುಸ್ತಕವನ್ನು ಇಂಗ್ಲಿಷಿಗೆ ತಂದ. ಗುಳ್ಳೆ ಹುಟ್ಟಿಸುವ ಸಕ್ಕರೆ, ಅದನ್ನು ತಡೆದು ನಿಲ್ಲಿಸುವ ಗಾಜು, ಎರಡೂ ಒಂದೇ ವರ್ಷ ಒಬ್ಬನೇ ವೈದ್ಯನ ಮೇಜಿನ ಮೇಲಿದ್ದವು.

ಫ್ರಾನ್ಸಿನಲ್ಲಿ ವೈನನ್ನು ಬಾಟಲಿಯಲ್ಲಿ ಸಾಗಿಸಲು ಕಾನೂನಿನ ಅಡ್ಡಿಯೇ ಇತ್ತು. ತೆರಿಗೆ ಲೆಕ್ಕಕ್ಕೆ ಪೀಪಾಯಿಯೇ ಅನುಕೂಲ. 1728ರಲ್ಲಿ ಹದಿನೈದನೆಯ ಲೂಯಿ ಶಾಂಪೇನ್ ಸೀಮೆಯ ವೈನನ್ನು ಬಾಟಲಿಯಲ್ಲಿ ಕಳಿಸಬಹುದೆಂದು ಅಪ್ಪಣೆ ಕೊಟ್ಟ. ಮರುವರ್ಷವೇ ರ್‍ಯೂನಾರ್ ಎಂಬ ಬಟ್ಟೆ ವ್ಯಾಪಾರಿ ಮನೆತನ ವೈನಿನ ವಹಿವಾಟು ತೆರೆಯಿತು. ಗುಳ್ಳೆಯ ವೈನಿಗೆ ಅರಮನೆಯಲ್ಲಿ ಗಿರಾಕಿ ಹುಟ್ಟಿತು, ಬೆಲೆ ಏರಿತು. ನೆಲಮಾಳಿಗೆಯಲ್ಲಿ ಮಾತ್ರ ಯುದ್ಧ. ಸಕ್ಕರೆ ಎಷ್ಟಿದೆ, ಗಾಳಿ ಎಷ್ಟು ಹುಟ್ಟೀತು ಎಂದು ತಿಳಿಯುವ ದಾರಿ ಇರಲಿಲ್ಲ. ಒಂದು ಬಾಟಲಿ ಸಿಡಿದರೆ ಅದರ ಚೂರು ಪಕ್ಕದ್ದಕ್ಕೆ ತಾಗಿ ಅದೂ ಸಿಡಿದು, ಸಾಲಿಗೆ ಸಾಲೇ ನೆಲಸಮ. ಕೆಲವು ವರ್ಷ ಅರ್ಧಕ್ಕರ್ಧ ಸರಕು ಹೀಗೇ ನೆಲಕ್ಕೆ ಹರಿದುಹೋಗುತ್ತಿತ್ತು. ಕೆಲಸದವರು ಮುಖಕ್ಕೆ ಕಬ್ಬಿಣದ ಮುಸುಕು ಕಟ್ಟಿಕೊಂಡು ಇಳಿಯುತ್ತಿದ್ದರು. ಅರಮನೆಯ ಹರಟೆಗಳಲ್ಲಿ ಈ ಮುಸುಕಿನವರ ಸುದ್ದಿ ಬಂದಂತೆ ಕಾಣೆ.

ಸಿಡಿಯದೆ ಉಳಿದ ಬಾಟಲಿಗೂ ಒಂದು ಪೀಡೆಯಿತ್ತು: ಮಡ್ಡಿ. ಬಾಟಲಿಯೊಳಗೆ ಎರಡನೆಯ ಸಲ ಹುದುಗಿ ಸತ್ತ ಯೀಸ್ಟ್ ಅಲ್ಲೇ ಉಳಿಯುತ್ತದೆ. ಕದಡಿದ ಕಳ್ಳಿನ ಬಣ್ಣದ ವೈನನ್ನು ರಷ್ಯದ ರಾಜಕುಮಾರರ ಮುಂದೆ ಇಡಲಾಗದು. ಮೆಲ್ಲಗೆ ಇನ್ನೊಂದು ಬಾಟಲಿಗೆ ಬಗ್ಗಿಸಿದರೆ ಮಡ್ಡಿ ಹೋಗುತ್ತದೆ ನಿಜ, ಜೊತೆಗೆ ಗಾಳಿಯೂ ಹೋಗುತ್ತದೆ.

ಇಲ್ಲಿ ಬರುತ್ತಾಳೆ ರೀಮ್ಸ್ ನಗರದ ಬಾರ್ಬ್ ನಿಕೋಲ್ ಪೋನ್ಸಾರ್ದಾನ್. ಗಂಡ ಫ್ರಾನ್ಸ್ವಾ ಕ್ಲಿಕೋ 1805ರಲ್ಲಿ ತೀರಿಕೊಂಡಾಗ ಅವಳಿಗೆ 27 ವರ್ಷ, ಮಡಿಲಲ್ಲಿ ಒಬ್ಬಳು ಪುಟ್ಟ ಮಗಳು. ಆಗಿನ ಫ್ರೆಂಚ್ ಕಾನೂನಿನಲ್ಲಿ ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ವ್ಯಾಪಾರ ಮಾಡುವಂತಿಲ್ಲ, ವಿಧವೆ ಮಾಡಬಹುದು. ಆ ಸಂದಿಯಲ್ಲೇ ಅವಳು ಕಾಲೂರಿದಳು. 1814ರಲ್ಲಿ ನೆಪೋಲಿಯನ್ ಸೋತು ಸಮುದ್ರದ ದಾರಿ ಇನ್ನೂ ಸರಿಯಾಗಿ ತೆರೆಯದಿರುವಾಗಲೇ, ಬೇರೆಯವರಿಗಿಂತ ಮುಂಚೆ ರಷ್ಯಕ್ಕೆಂದು ಗುಟ್ಟಾಗಿ ಹತ್ತು ಸಾವಿರಕ್ಕೂ ಹೆಚ್ಚು ಬಾಟಲಿ ಹಡಗಿಗೆ ಹಾಕಿದಳು. ಎಲ್ಲ ಬಿಕರಿಯಾಯಿತು. ಈಗ ಬೇಡಿಕೆಗೆ ತಕ್ಕಂತೆ ತಿಳಿಯಾದ ವೈನ್ ಬೇಕು, ಬೇಗ ಬೇಕು.

ಅವಳು ತನ್ನ ಮನೆಯ ಮೇಜಿಗೇ ತೂತು ಕೊರೆಸಿ ಬಾಟಲಿಗಳನ್ನು ಕತ್ತು ಕೆಳಗೆ ಮಾಡಿ ಸಿಕ್ಕಿಸಿದಳಂತೆ. ಮೇಜಿನ ಕತೆಯನ್ನು ಕಂಪನಿಯವರು ಸ್ವಲ್ಪ ಬೆಣ್ಣೆ ಹಚ್ಚಿಯೇ ಹೇಳುತ್ತಾರೆ. ಆದರೆ 1816ರ ಹೊತ್ತಿಗೆ ಅವಳ ನೆಲಮಾಳಿಗೆಯಲ್ಲಿ ಈ ಪ್ರಯೋಗ ನಡೆದದ್ದು, ಅದರಲ್ಲಿ ಆಂಟ್ವಾನ್ ಮ್ಯೂಲರ್ ಎಂಬ ಮೇಸ್ತ್ರಿಯ ಕೈ ಇದ್ದದ್ದು ನಿಜ. ತೂತುಗಳನ್ನು ಓರೆಯಾಗಿ ಕೊರೆಯಬೇಕೆಂಬ ಹೊಳಹು ಅವನದೇ ಎನ್ನುತ್ತಾರೆ. ಯಾರದು ಎಷ್ಟು ಪಾಲು ಎಂದು ಈಗ ಬಿಡಿಸುವುದು ಕಷ್ಟ. ಬಾಟಲಿಯ ಮೇಲೆ ಮುದ್ರೆಯಾದದ್ದು ವಿಧವೆಯ ಹೆಸರು. ಮ್ಯೂಲರ್ ಹೆಸರು ಇತಿಹಾಸದ ಅಡಿಟಿಪ್ಪಣಿಗೆ ಹೋಯಿತು.

ಆ ಕೆಲಸ ಹೇಗೆ ನಡೆಯುತ್ತದೆಂಬುದು ಓದಿದರೆ ಅರ್ಥವಾಗುವುದಿಲ್ಲ, ಕಾಣಬೇಕು. ರೀಮ್ಸ್‌ನ ಒಂದು ವೈನ್ ಕಾರ್ಖಾನೆಯಲ್ಲಿ ನಾನು ಕಂಡೆ. ಅಲ್ಲಿನ ನೆಲಮಾಳಿಗೆಗಳು ಹಿಂದೆ ಕಟ್ಟಡಕ್ಕೆ ಕಲ್ಲು ತೆಗೆಯಲು ಸೀಮೆಸುಣ್ಣದ ಬಂಡೆಯಲ್ಲಿ ತೋಡಿದ ಗಣಿಗಳು. ಮೆಟ್ಟಿಲಿಳಿಯುತ್ತ ಹೋದಂತೆ ಬೇಸಿಗೆ ಮೇಲೆಯೇ ಉಳಿಯುತ್ತದೆ. ವರ್ಷಪೂರ್ತಿ ಹತ್ತು ಹನ್ನೆರಡು ಡಿಗ್ರಿ. ಗೋಡೆ ಮುಟ್ಟಿದರೆ ಬೆರಳಿಗೆ ಬಿಳಿ ಹತ್ತುತ್ತದೆ. ಮೊದಲ ಮಹಾಯುದ್ಧದಲ್ಲಿ ಮೇಲೆ ಷೆಲ್ ಬೀಳುತ್ತಿದ್ದಾಗ ಊರಿನ ಜನ ಇಂಥ ಗುಹೆಗಳಲ್ಲೇ ಬದುಕಿದ್ದರು, ಮಕ್ಕಳಿಗೆ ಶಾಲೆಯೂ ಇಲ್ಲೇ ನಡೆದಿತ್ತು. ಇದನ್ನು ನಮ್ಮನ್ನು ಕರೆದೊಯ್ದ ಹೆಂಗಸು ಒಂದೇ ಮಾತಿನಲ್ಲಿ ಹೇಳಿ ಮುಂದೆ ನಡೆದರು. ನನಗೆ ಅಲ್ಲೇ ಇನ್ನಷ್ಟು ಹೊತ್ತು ನಿಲ್ಲಬೇಕೆನಿಸಿತ್ತು.

ಮರದ ಎರಡು ಹಲಗೆಗಳನ್ನು ಗುಡಾರದ ಆಕಾರದಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿರುತ್ತಾರೆ. ಒಂದೊಂದು ಹಲಗೆಗೂ ಅರವತ್ತು ತೂತು, ತೂತಿಗೊಂದು ಬಾಟಲಿ. ಮೊದಲು ಬಾಟಲಿ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಕೆಲಸದವರು ಎರಡೂ ಕೈಯಿಂದ ಎರಡೆರಡು ಬಾಟಲಿಯ ತಳ ಹಿಡಿದು, ಅಲುಗಿಸಿ, ಚೂರು ತಿರುಗಿಸಿ, ಚೂರು ಎತ್ತಿ ಬಿಡುತ್ತಾರೆ. ಎಷ್ಟು ತಿರುಗಿತೆಂದು ಗುರುತಿಗೆ ತಳದಲ್ಲಿ ಬಿಳಿ ಬಣ್ಣದ ಗೆರೆ. ದಿನಾ ಹೀಗೆ ಮಾಡಿದರೆ ಆರೇಳು ವಾರದಲ್ಲಿ ಬಾಟಲಿ ತಲೆಕೆಳಗಾಗಿ ನಿಲ್ಲುತ್ತದೆ, ಗೋಡೆಗಂಟಿದ ಮಡ್ಡಿಯೆಲ್ಲ ಜಾರಿ ಬಿರಡೆಯ ಮೇಲೆ ಕೂರುತ್ತದೆ. ನುರಿತವರು ದಿನಕ್ಕೆ ಹತ್ತಾರು ಸಾವಿರ ಬಾಟಲಿ ತಿರುಗಿಸುತ್ತಿದ್ದರು. ಬಿರಡೆ ತೆಗೆದರೆ ಒಳಗಿನ ಒತ್ತಡವೇ ಮಡ್ಡಿಯನ್ನು ಉಗುಳುತ್ತದೆ. ಹೆಬ್ಬೆರಳಿಂದ ಬಾಯಿ ಮುಚ್ಚಿ ಬಾಟಲಿಯನ್ನು ನೆಟ್ಟಗೆ ಮಾಡುವ ಚುರುಕು ಬೇಕು. 1884ರಲ್ಲಿ ಅರ್ಮಾಂ ವಾಲ್ಫಾರ್ ಎಂಬವನು ಬಾಟಲಿಯ ಕತ್ತನ್ನಷ್ಟೇ ಕೊರೆಯುವ ಉಪ್ಪುನೀರಲ್ಲಿ ಅದ್ದಿ ಮಡ್ಡಿಯನ್ನು ಮಂಜುಗಡ್ಡೆಯ ಬಿಲ್ಲೆ ಮಾಡಿ ಹಾರಿಸುವ ಉಪಾಯ ತಂದ. ಇವತ್ತಿನ ಯಂತ್ರಗಳು ಮಾಡುವುದೂ ಅದನ್ನೇ.

ನನ್ನನ್ನು ಕೇಳಿದರೆ ಪ್ರತಿಮೆ ಸಲ್ಲಬೇಕಾದದ್ದು ಸನ್ಯಾಸಿಗೂ ಅಲ್ಲ, ವಿಧವೆಗೂ ಅಲ್ಲ. ಶಾಲೋನ್ ಊರಿನ ಒಬ್ಬ ಔಷಧಿ ಅಂಗಡಿಯವನಿಗೆ. ಹೆಸರು ಜಾನ್ ಬಾಪ್ಟಿಸ್ಟ್ ಫ್ರಾನ್ಸ್ವಾ.

ಬಾಟಲಿ ಸಿಡಿಯುವುದಕ್ಕೆ ಅಲ್ಲಿಯವರೆಗೆ ನೂರೆಂಟು ಕಾರಣ ಹೇಳುತ್ತಿದ್ದರು. ದ್ರಾಕ್ಷಿ ಹೂಬಿಡುವ ಹೊತ್ತಿಗೆ ಬಾಟಲಿಯೊಳಗಿನ ವೈನೂ ತಾಯಿಬಳ್ಳಿಯನ್ನು ನೆನೆದು ಉಕ್ಕುತ್ತದೆ ಎಂದು ನಂಬಿದವರೂ ಇದ್ದರು. ವಸಂತದಲ್ಲಿ ಎರಡೂ ಆಗುತ್ತಿದ್ದುದರಿಂದ ಆ ನಂಬಿಕೆಗೆ ವರ್ಷವರ್ಷವೂ ಸಾಕ್ಷಿ ಸಿಗುತ್ತಿತ್ತು! ರಸಾಯನ ವಿಜ್ಞಾನಿ ಶಾಪ್ತಾಲ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ, ಹುದುಗು ಮುಗಿಯುವ ಮುನ್ನ ಬಾಟಲಿಗೆ ತುಂಬಿದ್ದೇ ಗುಳ್ಳೆಗೆ ಕಾರಣ ಎಂದು ಬರೆದಿದ್ದ. ಫ್ರಾನ್ಸ್ವಾ ಕೇಳಿದ್ದು ಅಂಗಡಿಯ ತಕ್ಕಡಿ ಹಿಡಿದವನು ಕೇಳಬಹುದಾದ ಪ್ರಶ್ನೆ: ಎಷ್ಟು? ಬಾಟಲಿಗೆ ತುಂಬುವ ದಿನ ವೈನಿನಲ್ಲಿ ಆಗಲೇ ಎಷ್ಟು ಸಕ್ಕರೆ ಉಳಿದಿದೆ, ಅದಕ್ಕೆ ಇನ್ನೆಷ್ಟು ಸೇರಿಸಿದರೆ ಗುಳ್ಳೆ ಬರುತ್ತದೆ, ಎಷ್ಟು ಮೀರಿದರೆ ಗಾಜು ಸಿಡಿಯುತ್ತದೆ? ಸಕ್ಕರೆ ಅಳೆಯುವ ಒಂದು ಸಾಧನ, ಅದರೊಂದಿಗೆ ಒಂದು ಲೆಕ್ಕದ ಕ್ರಮ, ಇವೆರಡನ್ನು 1836ರ ಸುಮಾರಿಗೆ ಅವನು ಊರವರ ಮುಂದಿಟ್ಟ.

ಇವತ್ತು ಯಾವ ಕಾರ್ಖಾನೆಗೆ ಹೋದರೂ ಆ ಲೆಕ್ಕವನ್ನು ಬಾಯಿಪಾಠ ಹೇಳುತ್ತಾರೆ. ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆ ಹುದುಗಿದರೆ ಒಂದು ವಾಯುಭಾರದಷ್ಟು ಒತ್ತಡ. ಆರು ವಾಯುಭಾರ ಬೇಕೆಂದರೆ 24 ಗ್ರಾಂ. ಕಾರಿನ ಟೈರಿನಲ್ಲಿರುವ ಒತ್ತಡದ ಎರಡು ಪಟ್ಟಿಗಿಂತಲೂ ಇದು ಹೆಚ್ಚು. ಮುಕ್ಕಾಲು ಲೀಟರಿನ ಬಾಟಲಿಯಲ್ಲಿ ಸುಮಾರು ಐದು ಲೀಟರಿನಷ್ಟು ಗಾಳಿ ಕರಗಿ ಕೂತಿರುತ್ತದೆ. ಗಾಜಿನವರಿಗೂ ಈಗ ಎಷ್ಟು ಒತ್ತಡ ತಡೆಯುವ ಬಾಟಲಿ ಮಾಡಬೇಕೆಂದು ಗೊತ್ತಾಯಿತು. ಸಿಡಿತ ಇಳಿಯುತ್ತ ಬಂತು. 1844ರಲ್ಲಿ ಅಡೋಲ್ಫ್ ಜಾಕ್ಸೋನ್ ಬಿರಡೆಯ ಮೇಲೆ ತಗಡಿನ ಬಿಲ್ಲೆ ಇಟ್ಟು ತಂತಿ ಬಿಗಿಯುವ ಕ್ರಮಕ್ಕೆ ಪೇಟೆಂಟ್ ಪಡೆದ ಮೇಲೆ ಬಿರಡೆ ಹಾರುವುದೂ ನಿಂತಿತು.

ಫ್ರಾನ್ಸ್ವಾನಿಗೆ ಸಕ್ಕರೆ ಎಷ್ಟೆಂದು ಗೊತ್ತಿತ್ತು, ಅದನ್ನು ತಿನ್ನುವವರು ಯಾರೆಂದು ಗೊತ್ತಿರಲಿಲ್ಲ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಕಾನ್ಯಾರ್ ದ ಲಾ ಟೂರ್ ಎಂಬವನು ಸೂಕ್ಷ್ಮದರ್ಶಕದಡಿ ಯೀಸ್ಟ್ ಮೊಳೆತು ಮರಿಹಾಕುವುದನ್ನು ಕಂಡು, ಇದು ಜೀವಿ ಎಂದ. ದೊಡ್ಡ ದೊಡ್ಡ ರಸಾಯನ ಪಂಡಿತರು ನಕ್ಕರು. ಲೂಯಿ ಪಾಶ್ಚರ್ ಬಂದು ಅದನ್ನು ಒಪ್ಪಿಸಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಕಾರಣ ತಿಳಿಯುವ ಮೊದಲೇ ಲೆಕ್ಕ ಸಿಕ್ಕಿತ್ತು. ಪೆರಿನ್ಯೋನ್‌ಗೆ ಪ್ರತಿಮೆಯಿದೆ, ಕ್ಲಿಕೋಗೆ ಹಳದಿ ಲೇಬಲ್ ಇದೆ. ಫ್ರಾನ್ಸ್ವಾ ಹೆಸರನ್ನು ನಮ್ಮ ಗೈಡ್ ಎತ್ತಲೇ ಇಲ್ಲ. ಅಂಕಿಸಂಖ್ಯೆಯ ಮನುಷ್ಯನ ಬಗ್ಗೆ ಜಾಹೀರಾತು ಬರೆಯುವುದು ಕಷ್ಟವೇನೋ.

ಕಾರ್ಖಾನೆಯ ಸುತ್ತಾಟ ಮುಗಿದದ್ದು ರುಚಿ ನೋಡುವ ಕೋಣೆಯಲ್ಲಿ. ಮೇಜಿನ ಮೇಲೆ ಮೂರು ಲೋಟ. ಮೊದಲನೆಯದರಲ್ಲಿ ಸಕ್ಕರೆ ಸೇರಿಸೇ ಇಲ್ಲ, ಎರಡನೆಯದು ಬ್ರೂಟ್, ಲೀಟರಿಗೆ 12 ಗ್ರಾಮಿಗಿಂತ ಕಡಿಮೆ. ಮೂರನೆಯದು ಡೆಮಿ ಸೆಕ್, 32ರಿಂದ 50 ಗ್ರಾಂವರೆಗೆ. ಮಡ್ಡಿ ಉಗುಳಿಸಿದ ಮೇಲೆ ಖಾಲಿಯಾದಷ್ಟು ಜಾಗಕ್ಕೆ ವೈನಿನಲ್ಲಿ ಕರಗಿಸಿದ ಸಕ್ಕರೆ ತುಂಬುತ್ತಾರೆ. ಅದು ಎಷ್ಟು ಎಂಬುದರ ಮೇಲೆ ಈ ಭೇದ. ಮೊದಲನೆಯದರ ಹುಳಿ ನಾಲಿಗೆಯ ಅಂಚನ್ನು ಕತ್ತರಿಸಿತು, ಹಿಂದೆಯೇ ಸೀಮೆಸುಣ್ಣ ನೆಕ್ಕಿದಂಥ ಒಣ ಒಗರು. ಬ್ರೂಟ್‌ನಲ್ಲಿ ಹಸಿರು ಸೇಬು, ಆಮೇಲೆ ಮೆಲ್ಲಗೆ ಸುಟ್ಟ ಬ್ರೆಡ್ಡಿನ ವಾಸನೆ. ಇದು ಸತ್ತ ಯೀಸ್ಟಿನ ಕೊಡುಗೆ. ಕನಿಷ್ಠ ಒಂದು ವರ್ಷ ಆ ಮಡ್ಡಿಯ ಮೇಲೇ ವೈನ್ ಮಲಗಿರಬೇಕೆಂಬ ನಿಯಮ ಇರುವುದು ಇದಕ್ಕೇ. ಅಷ್ಟು ಕಷ್ಟಪಟ್ಟು ಹೊರಹಾಕಿದ ಕಸವೇ ರುಚಿ ಕೊಟ್ಟು ಹೋಗಿರುತ್ತದೆ. ಡೆಮಿ ಸೆಕ್ ನನಗೆ ಎಲ್ಲಕ್ಕಿಂತ ಹಿಡಿಸಿತು. ಪಕ್ಕದಲ್ಲಿದ್ದ ರಸಿಕರೊಬ್ಬರು ಹುಬ್ಬೇರಿಸಿದರು. ಹತ್ತೊಂಬತ್ತನೆಯ ಶತಮಾನದ ರಷ್ಯದವರಿಗೆ ಇದೂ ಸಪ್ಪೆಯೇ. ಅವರಿಗೆ ಕಳಿಸುತ್ತಿದ್ದ ವೈನಿನಲ್ಲಿ ಇದರ ನಾಲ್ಕೈದು ಪಟ್ಟು ಸಿಹಿ ಇರುತ್ತಿತ್ತು. ಇಂಗ್ಲಿಷರಿಗೆ ಒಣ ರುಚಿ ಬೇಕೆಂದು ಮದಾಂ ಪೊಮೆರಿ ಎಂಬ ಇನ್ನೊಬ್ಬ ವಿಧವೆ 1874ರ ಬೆಳೆಯಿಂದ ಬ್ರೂಟ್ ಮಾಡಿಸಿದ ಮೇಲೆ ಫ್ಯಾಷನ್ ತಿರುಗಿತು.

ಲೋಟದ ಗುಳ್ಳೆಯಲ್ಲೂ ಒಂದು ಗುಟ್ಟಿದೆ. ರೀಮ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ ಲಿಜೇ ಬೆಲೇರ್ ಅತಿವೇಗದ ಕ್ಯಾಮೆರಾ ಇಟ್ಟು ನೋಡಿದಾಗ, ಗುಳ್ಳೆಗಳ ಸರ ಶುರುವಾಗುವುದು ಗಾಜಿನ ಮೇಲಿಂದಲ್ಲ, ಅದಕ್ಕಂಟಿದ ಕಣ್ಣಿಗೆ ಕಾಣದ ನಾರಿನೆಳೆಗಳಿಂದ ಎಂದು ತಿಳಿಯಿತು. ಒರೆಸುವ ಬಟ್ಟೆಯದೋ ಗಾಳಿಯ ಧೂಳಿನದೋ ಎಳೆ ಅದು. ಅದರ ಟೊಳ್ಳಿನಲ್ಲಿ ಸಿಕ್ಕ ಗಾಳಿಯೇ ಗುಳ್ಳೆಗೆ ಬೀಜ. ಚೂರೂ ಧೂಳಿಲ್ಲದ ಲೋಟಕ್ಕೆ ಸುರಿದರೆ ಅತ್ಯಂತ ದುಬಾರಿ ಶಾಂಪೇನೂ ಸುಮ್ಮನೆ ಕೂರುತ್ತದೆ.

ಇಷ್ಟೆಲ್ಲ ಒದ್ದಾಟವನ್ನು ಒಂದೇ ತೊಟ್ಟಿಗೆ ತಂದವರು ಇಟಲಿಯ ಫೆದೆರಿಕೊ ಮಾರ್ತಿನೋತ್ತಿ, 1895ರಲ್ಲಿ. 1907ರಲ್ಲಿ ಫ್ರಾನ್ಸಿನ ಯೂಜೀನ್ ಶಾರ್ಮಾ ಅದನ್ನು ಸುಧಾರಿಸಿದ. ಎರಡನೆಯ ಹುದುಗು ಬಾಟಲಿಯ ಬದಲು ದೊಡ್ಡ ತೊಟ್ಟಿಯಲ್ಲೇ ನಡೆಯುತ್ತದೆ, ಮಡ್ಡಿ ಸೋಸಿ ತುಂಬಿದರಾಯಿತು. ಇಟಲಿಯ ಗುಳ್ಳೆಯ ವೈನ್ ಪ್ರೊಸೆಕೊ ಹೀಗೇ ಆಗುತ್ತದೆ. ಹಲಗೆಯ ಕೆಲಸವನ್ನೂ 1970ರ ದಶಕದಿಂದ ಕ್ಯಾಟಲೋನಿಯಾದವರು ಯಂತ್ರದ ಪಂಜರಗಳಿಗೆ ಒಪ್ಪಿಸಿದರು. ಆರೇಳು ವಾರದ್ದು ಒಂದು ವಾರಕ್ಕೆ ಮುಗಿಯುತ್ತದೆ. ನಾನು ಕಂಡ ಮರದ ಹಲಗೆಗಳೂ ಬಹುಮಟ್ಟಿಗೆ ನಮ್ಮಂಥವರಿಗೆ ತೋರಿಸಲಿಕ್ಕೆ ಇಟ್ಟವೇ.

ಈ ಕತೆಯ ಒಂದು ಎಳೆ ನಮ್ಮ ದೊಡ್ಡಬಳ್ಳಾಪುರಕ್ಕೂ ಬಂದಿದೆ. 1980ರ ದಶಕದಲ್ಲಿ ಕನ್ವಲ್ ಗ್ರೋವರ್ ಭಾರತದಲ್ಲಿ ವೈನ್ ದ್ರಾಕ್ಷಿಗೆ ಜಾಗ ಹುಡುಕುತ್ತಿದ್ದಾಗ ಜೊತೆಗಿದ್ದವನು ಶಾಂಪೇನ್ ಸೀಮೆಯ ಬೂಜಿ ಊರಿನ ಜಾರ್ಜ್ ವೆಸೆಲ್. ಅವರು ಕೊನೆಗೆ ಒಪ್ಪಿದ್ದು ನಂದಿಬೆಟ್ಟದ ತಪ್ಪಲನ್ನು. 1990ರ ದಶಕದಲ್ಲಿ ಗ್ರೋವರ್ ಅಲ್ಲಿ ಕಟ್ಟಿದ ವೈನ್ ಸಂಸ್ಥೆಯಲ್ಲಿ ವಿಧವೆ ಕ್ಲಿಕೋ ಕಂಪನಿಯೇ ಪಾಲು ತೆಗೆದುಕೊಂಡಿತ್ತು. ಗುಳ್ಳೆಯ ವೈನ್ ಅದಕ್ಕೂ ಮೊದಲೇ ಭಾರತದಲ್ಲಿ ಹುಟ್ಟಿತ್ತು, ಪುಣೆ ಬಳಿಯ ನಾರಾಯಣಗಾಂವ್‌ನಲ್ಲಿ. ಒಮರ್ ಖಯ್ಯಾಮ್ ಎಂಬ ಹೆಸರಿನ ಅದಕ್ಕೆ ತಂತ್ರಜ್ಞಾನ ಬಂದದ್ದು ಪೈಪರ್ ಹೈಡ್ಸಿಕ್ ಕಂಪನಿಯಿಂದ. ನಮ್ಮ ಕಡೆ ತೊಡಕು ತಿರುಗುಮುರುಗು. ಅಲ್ಲಿ ಚಳಿ ಹುದುಗನ್ನು ಅರ್ಧಕ್ಕೇ ನಿಲ್ಲಿಸಿ ಗುಳ್ಳೆ ಹುಟ್ಟಿಸಿತು. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ. ವರ್ಷಕ್ಕೆರಡು ಸಲ ಚಾಟನಿ ಮಾಡಿ, ಬಿಸಿಲು ಏರುವ ಮುನ್ನ ಕೊಯ್ದು, ಹುಳಿ ಇಳಿಯುವುದರೊಳಗೆ ರಸವನ್ನು ತಣ್ಣನೆಯ ತೊಟ್ಟಿಗೆ ಸೇರಿಸಬೇಕು. ಶಾಂಪೇನಿನ ಹವೆ ಪುಕ್ಕಟೆ ಮಾಡುವುದನ್ನು ಇಲ್ಲಿ ಕರೆಂಟ್ ಬಿಲ್ ಕಟ್ಟಿ ಮಾಡುತ್ತಾರೆ.

2010ರ ಜುಲೈನಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಮುಳುಗುಗಾರರಿಗೆ ಒಂದು ಹಳೆಯ ಹಡಗಿನ ಅವಶೇಷ ಸಿಕ್ಕಿತು. ಸುಮಾರು 50 ಮೀಟರ್ ಆಳದಲ್ಲಿ, ಕತ್ತಲೆಯಲ್ಲಿ, 168 ಶಾಂಪೇನ್ ಬಾಟಲಿ. ಕಾರ್ಕಿನ ಮೇಲಿನ ಮುದ್ರೆಗಳಿಂದ ಜುಗ್ಲಾರ್, ಹೈಡ್ಸಿಕ್, ವಿಧವೆ ಕ್ಲಿಕೋ ಎಂದು ಗುರುತಾಯಿತು. ಬಾಟಲಿಗಳಿಗೆ 170 ವರ್ಷದಷ್ಟು ವಯಸ್ಸು: ಅಂದರೆ ಫ್ರಾನ್ಸ್ವಾನ ಲೆಕ್ಕ ಆಗತಾನೇ ಊರಲ್ಲಿ ಹಬ್ಬುತ್ತಿದ್ದ ಕಾಲದವು, ಕ್ಲಿಕೋ ಇನ್ನೂ ಬದುಕಿದ್ದಾಗಿನವು. ರೀಮ್ಸ್‌ನ ಫಿಲಿಪ್ ಜಾಂದೆ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಲೀಟರಿಗೆ 140 ಗ್ರಾಮಿಗೂ ಹೆಚ್ಚು ಸಕ್ಕರೆ. ಗಾಳಿ ಬಹುಪಾಲು ಕಾರ್ಕಿನ ಮೂಲಕ ನುಸುಳಿಹೋಗಿದ್ದರೂ ನಾಲಿಗೆಗೆ ಸಣ್ಣ ಚುಚ್ಚು ಉಳಿದಿತ್ತು. ಮೊದಲು ಮೂಸಿದವರಿಗೆ ಒದ್ದೆ ಕೂದಲಿನ ವಾಸನೆ ಬಂತಂತೆ. ಲೋಟ ತಿರುಗಿಸಿ ಗಾಳಿಯಾಡಲು ಬಿಟ್ಟ ಮೇಲೆ ಸಂಬಾರ, ಹೊಗೆ, ಚರ್ಮ, ಕೊನೆಗೆ ಹಣ್ಣು ಹೂವು. ಒಂದು ಬಾಟಲಿ 2011ರ ಹರಾಜಿನಲ್ಲಿ 30,000 ಯೂರೊಗೆ ಹೋಯಿತು. ಕ್ಲಿಕೋ ಕಂಪನಿಯವರು 2014ರಲ್ಲಿ ಅದೇ ದ್ವೀಪಗಳ ಬಳಿ ಹೊಸ ಬಾಟಲಿಗಳನ್ನು ಪಂಜರದಲ್ಲಿಟ್ಟು ಸಮುದ್ರಕ್ಕಿಳಿಸಿದ್ದಾರೆ, ರೀಮ್ಸ್‌ನ ನೆಲಮಾಳಿಗೆಯಲ್ಲಿ ಅವೇ ವೈನಿನ ಜೋಡಿ ಬಾಟಲಿಗಳನ್ನು ಇಟ್ಟಿದ್ದಾರೆ. ನಲವತ್ತು ವರ್ಷದವರೆಗೆ ಆಗಾಗ ಎರಡನ್ನೂ ತೆಗೆದು, ಯಾವುದರ ರುಚಿ ಹೇಗೆ ಬದಲಾಯಿತೆಂದು ಹೋಲಿಸುವುದು ಅವರ ಲೆಕ್ಕಾಚಾರ.